ಹೊಸ ಬಡಾವಣೆಗಳಲ್ಲಿ ನಾಡಿನ ಮರಗಳು
(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ರೈತರಿಗಾಗಿ ಮಾಡಿದ ಭಾಷಣ)



ಶಿಕಾರಿಪುರ, ಸೊರಬ ಪಟ್ಟಣಗಳ ಅಂಚಿನ ಹೊಲಗದ್ದೆಗಳು ನಿವೇಶನಗಳಾಗುತ್ತಿವೆ. ಬಡಾವಣೆ ಮಾಡುವವರು ರಸ್ತೆ, ಚರಂಡಿಗಳೊಡನೆ ಉದ್ಯಾನಕ್ಕೂ ಜಾಗ ಬಿಡಬೇಕೆಂಬ ನಿಯಮವಿದೆ. ಜಾಗ ಬಿಟ್ಟರಷ್ಟೇ ಸಾಲದು. ಅಲ್ಲಿ ನೆಡತಕ್ಕ ಮರ ಯಾವುದೆಂಬುದನ್ನೂ ನಿಯಮವೇ ಹೇಳಬೇಕು. ಏಕೆಂದರೆ ಬಡಾವಣೆಯ ಬೇಲಿಯಾಚೆ ಇರುವುದು ರೈತನ ಗದ್ದೆ.

ಊರವರನ್ನು ಕೇಳದೆ ಮರ ಆರಿಸಿದರೆ ಏನಾಗುತ್ತದೆಂಬುದಕ್ಕೆ ಈ ಸೀಮೆಯಲ್ಲೇ ನಿದರ್ಶನವಿದೆ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪನೆಯಾಯಿತು. ಶಿವಮೊಗ್ಗವೂ ಸೇರಿ ನಾಲ್ಕು ಜಿಲ್ಲೆಗಳ ಸಾಮುದಾಯಿಕ ಭೂಮಿಯನ್ನು ನೀಲಗಿರಿ ನೆಡುತೋಪಿಗೆ ಗೊತ್ತುಮಾಡಲಾಯಿತು. ನೀಲಗಿರಿ ಎಲೆಯನ್ನು ದನ ಮುಟ್ಟುವುದಿಲ್ಲ. ಮೇವು, ಸೌದೆ, ಸೊಪ್ಪಿಗೆ ಕುತ್ತು ಬಂದಾಗ ಜನರು 1987ರ ನವೆಂಬರ್ 14ರಂದು ನೆರೆಯ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಹೂಡಿದರು. ಹಚ್ಚುವುದೆಂದರೆ ಆ ಕಡೆಯ ಮಾತಿನಲ್ಲಿ ನೆಡುವುದು. ನೀಲಗಿರಿ ಸಸಿ ಕಿತ್ತು, ಉಪಯೋಗದ ಗಿಡ ನೆಟ್ಟರು. 1991ರಲ್ಲಿ ಕಂಪನಿ ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಬೇಡದ ಮರವನ್ನು ಹೆಸರಿಸುವುದು ಅರ್ಧ ಕೆಲಸ ಮಾತ್ರ. ಬೇಕಾದ ಮರವನ್ನು ಸ್ಥಳಕ್ಕೆ ತಕ್ಕಂತೆ ಹೆಸರಿಸಬೇಕು. ಸೊರಬ ಕಾನುಗಳ ಸೀಮೆ; 1868ರ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ವರದಿಯಲ್ಲಿ ಈ ತಾಲ್ಲೂಕಿನ 171 ಕಾನುಗಳ ಲೆಕ್ಕವಿದೆ. ಅಲ್ಲಿ ಹಲಸು, ಹೆಬ್ಬಲಸು, ರಂಜೆ, ಹೊನ್ನೆ ಸೂಕ್ತ. ಮಳೆ ಕಡಿಮೆಯಿರುವ ಶಿಕಾರಿಪುರದ ಬಯಲಿಗೆ ಹೊಂಗೆ, ಬೇವು, ನೇರಲೆ, ಮತ್ತಿ ಒಗ್ಗುತ್ತವೆ. ಹೊಂಗೆಯ ಸೊಪ್ಪು ಗದ್ದೆಗೆ ಹಸಿರೆಲೆ ಗೊಬ್ಬರ, ಬೀಜದಿಂದ ಎಣ್ಣೆ, ಹಿಂಡಿ ಮತ್ತೆ ಗೊಬ್ಬರ. ಹೂವು ಜೇನಿಗೆ ಆಹಾರ.

ನಿಯಮದಲ್ಲಿ ಈ ಅಂಶಗಳು ಇರತಕ್ಕದ್ದು:

1. ನೆಡತಕ್ಕ ನಾಡಿನ ಮರಗಳ ಪಟ್ಟಿಯನ್ನು ತಾಲ್ಲೂಕುವಾರು ಕೊಡಬೇಕು.

2. ಆಲ, ಅತ್ತಿಗಳನ್ನು ಉದ್ಯಾನದ ನಡುವೆ ಮಾತ್ರ ನೆಡಬೇಕು. ಗೋಡೆ, ಚರಂಡಿಯ ಬಳಿ ಕೂಡದು. ವಿದ್ಯುತ್ ತಂತಿಯ ಕೆಳಗೆ ಕಕ್ಕೆಯಂಥ ಸಣ್ಣ ಮರ ಸಾಕು.

3. ಜೂನ್–ಜುಲೈ ತಿಂಗಳಲ್ಲಿ ನೆಟ್ಟು, ಎರಡು ಬೇಸಿಗೆ ನೀರುಣಿಸಬೇಕು. ಸತ್ತ ಸಸಿಯ ಬದಲು ಮುಂದಿನ ಮಳೆಗಾಲದಲ್ಲಿ ಬೇರೆ ಸಸಿ ನೆಡುವ ಹೊಣೆ ಬಡಾವಣೆ ಮಾಡಿದವರದೇ.

ಎರಡು ಬೇಸಿಗೆಯ ಆರೈಕೆಯಿಲ್ಲದಿದ್ದರೆ ಪಟ್ಟಿ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಗ್ರಾಮಸಭೆಯಲ್ಲಿ ರೈತರೇ ಈ ವಿಷಯವೆತ್ತಿ ಠರಾವು ಮಾಡಿಸುವುದು ಒಳ್ಳೆಯದು. ಪಟ್ಟಿ ತಯಾರಿಸಲು ವಿಸ್ತರಣಾ ಕಾರ್ಯಕರ್ತರು ನೆರವಾಗಬೇಕು. ಹೊಲ ನಿವೇಶನವಾದ ಮೇಲೂ ಆ ನೆಲದಿಂದ ಪಕ್ಕದ ಗದ್ದೆಗೆ ಒಂದು ಹೊರೆ ಸೊಪ್ಪಾದರೂ ಸಿಗುವಂತಿರಲಿ.