ಸೀಸದ ಬೆಲೆಗೆ ಉಳಿದ ದೇಗುಲ

ಇಂಗ್ಲಿಷ್ ಕಾವ್ಯವನ್ನು ಅಷ್ಟಿಷ್ಟು ಓದಿದವರಿಗೂ ಟಿಂಟರ್ನ್ ಅಬ್ಬೆಯ ಹೆಸರು ಪರಿಚಿತವಾದದ್ದೇ. 1798ರಲ್ಲಿ ವರ್ಡ್ಸ್‌ವರ್ತ್ ಬರೆದ ಕವಿತೆಯ ದೆಸೆಯಿಂದ ಆ ಪಾಳು ಮಠ ನಮ್ಮ ತರಗತಿಗಳವರೆಗೂ ಬಂದಿತು. ಶೀರ್ಷಿಕೆಯಲ್ಲಲ್ಲದೆ ಕವಿತೆಯ ಒಳಗೆಲ್ಲೂ ಮಠದ ಮಾತೇ ಇಲ್ಲವೆಂಬುದು ಬೇರೆ ವಿಷಯ. ಟಿಂಟರ್ನನ್ನು ಮುಚ್ಚಿಸಿದ ಎಂಟನೆಯ ಹೆನ್ರಿಯೇ ಮುಚ್ಚಿಸಿದರೂ ಪಾಳಾಗದೆ ಉಳಿದ ಇನ್ನೊಂದು ಮಠದ ಚರ್ಚನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ. ಅದು ಗ್ಲಾಸ್ಟರ್‌ಶೈರಿನ ಟ್ಯೂಕ್ಸ್‌ಬರಿಯಲ್ಲಿದೆ. ಪಾಳಾಗಲಿಲ್ಲವೆಂಬ ಕಾರಣಕ್ಕೋ ಏನೋ, ಕವಿಗಳು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಸೆವರ್ನ್ ಮತ್ತು ಏವನ್ ನದಿಗಳು ಕೂಡುವೆಡೆಯಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳಿಗಾಗಿ ಕಟ್ಟಿದ ಚರ್ಚಿದು. 1102ರಲ್ಲಿ ಕಟ್ಟಡ ಆರಂಭವಾಗಿ, 1121ರಲ್ಲಿ ಪ್ರತಿಷ್ಠಾಪನೆಯಾಯಿತು. ನಾನು ಒಳಹೊಕ್ಕಾಗ ಮೊದಲು ಕಣ್ತುಂಬಿದುವು ಎರಡು ಸಾಲಿನ ದುಂಡು ಕಂಬಗಳು. ಅವುಗಳಲ್ಲಿ ಕೆತ್ತನೆಯ ಬೆಡಗಿಲ್ಲ; ಬರಿಯ ಗಾತ್ರ, ಬರಿಯ ಎತ್ತರ. ಈ ಕಂಬಗಳು ಕಂಡದ್ದೆಲ್ಲ ಶಾಂತಿಯೂ ಅಲ್ಲ. 1471ರ ಮೇ 4ರಂದು ಊರ ಪಕ್ಕದ ಬಯಲಿನಲ್ಲಿ ನಡೆದ ಕಾಳಗದಲ್ಲಿ ಸೋತವರು ಇಲ್ಲಿಗೆ ಓಡಿಬಂದು ಮರೆಹೊಕ್ಕರು. ಗೆದ್ದ ನಾಲ್ಕನೆಯ ಎಡ್ವರ್ಡ್ ದೊರೆ ಅವರ ಮುಖಂಡರನ್ನು ಹೊರಗೆಳೆಸಿ ತಲೆ ಹೊಡೆಸಿದನು. ರಕ್ತದಿಂದ ಮೈಲಿಗೆಯಾದ ಚರ್ಚನ್ನು ಮತ್ತೆ ಶುದ್ಧಿಗೊಳಿಸಬೇಕಾಯಿತು.

1540ರ ಜನವರಿಯಲ್ಲಿ ಮಠ ಅರಸನ ಕೈಸೇರಿತು. ಅರಸನ ಅಧಿಕಾರಿಗಳಿಗೆ ಮಠವೆಂದರೆ ಚಾವಣಿಗೆ ಹೊದಿಸಿದ ಸೀಸ, ಗೋಪುರದ ಗಂಟೆಗಳ ಲೋಹ. ಇವನ್ನು ಕಿತ್ತು ಕರಗಿಸಿದರೆ ಹಣ. ಉಳಿದ ಗೋಡೆಗಳನ್ನು ಮಳೆ ನೋಡಿಕೊಳ್ಳುತ್ತದೆ. ಟಿಂಟರ್ನ್ ಪಾಳಾದದ್ದು ಹೀಗೆಯೇ. ಆದರೆ ಟ್ಯೂಕ್ಸ್‌ಬರಿಯ ಜನ, ಈ ಚರ್ಚಿನ ಮುಂಭಾಗದಲ್ಲಿ ನಾವು ಮೊದಲಿನಿಂದಲೂ ಪ್ರಾರ್ಥಿಸುತ್ತ ಬಂದಿದ್ದೇವೆ, ಅದು ನಮ್ಮದು ಎಂದು ಪಟ್ಟುಹಿಡಿದರು. ಉಳಿದ ಭಾಗವನ್ನು 453 ಪೌಂಡುಗಳಿಗೆ ಕೊಂಡುಕೊಂಡರು. ಆ ಮೊತ್ತವನ್ನು ಲೆಕ್ಕಹಾಕಿದ್ದು ಸೀಸ ಮತ್ತು ಗಂಟೆಗಳ ಬೆಲೆಯ ಮೇಲೆಯೇ. ಕಲ್ಲಿಗೆ, ಕಮಾನಿಗೆ, ಹದಿನಾಲ್ಕನೆಯ ಶತಮಾನದ ಬಣ್ಣದ ಗಾಜಿನ ಕಿಟಕಿಗಳಿಗೆ ಬೆಲೆ ಕಟ್ಟಲೇ ಇಲ್ಲವೆಂದಾಯಿತು! ಸನ್ಯಾಸಿಗಳ ವಾಸದ ಕಟ್ಟಡಗಳು ಬಹುಮಟ್ಟಿಗೆ ನೆಲಸಮವಾದುವು. ಪೂರ್ವದ ತುದಿಯಲ್ಲಿದ್ದ ಮಾತೆ ಮೇರಿಯ ಗುಡಿಯೂ ಹೋಯಿತು. ಚರ್ಚು ಮಾತ್ರ ಊರಿನದಾಯಿತು.

ಕೊಂಡದ್ದು ಒಂದು ದಿನದ ಸಾಹಸ. ಸಾಕಿದ್ದು ಶತಮಾನಗಳ ಹೊರೆ. ಸಣ್ಣ ಪೇಟೆಯೊಂದು ಇಷ್ಟು ದೊಡ್ಡ ಚಾವಣಿಯನ್ನು ಸೋರದಂತೆ ಕಾಯುವುದು ಸುಲಭವಲ್ಲ. ಕಾಯುವ ಉತ್ಸಾಹವೂ ಅಪಾಯ ತರಬಹುದು. 1877ರಲ್ಲಿ ವಾಸ್ತುಶಿಲ್ಪಿ ಗಿಲ್ಬರ್ಟ್ ಸ್ಕಾಟ್ ಇದರ ಜೀರ್ಣೋದ್ಧಾರಕ್ಕೆ ಕೈಹಾಕಿದ್ದಾನೆಂಬ ಸುದ್ದಿ ಓದಿ ಕವಿ ವಿಲಿಯಂ ಮಾರಿಸ್ ಕೆರಳಿದನು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯದನ್ನು ಅಳಿಸುವುದೇ ನಾಶವೆಂಬುದು ಅವನ ನಿಲುವು. ಅವನು ಪತ್ರಿಕೆಗೆ ಬರೆದ ಪತ್ರದಿಂದಲೇ, ಅದೇ ವರ್ಷ, ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಹುಟ್ಟಿತು. ಆ ಸಂಘ ಈಗಲೂ ಇದೆ. ಮಾರಿಸನ ಸಿಟ್ಟು ನ್ಯಾಯವಾದದ್ದೇ. ಆದರೆ, ಕಾಪಾಡಲು ಅವನಿಗೊಂದು ಕಟ್ಟಡ ಉಳಿದಿದ್ದುದು ಆ 453 ಪೌಂಡುಗಳಿಂದ ಎಂಬುದನ್ನೂ ನಾನು ಮರೆಯಲಾರೆ.

ಇಂದು ಅದು ಆಂಗ್ಲಿಕನ್ ಸಭೆಗೆ ಸೇರಿದ ಊರಚರ್ಚು. 2007ರ ಜುಲೈಯಲ್ಲಿ ಎರಡೂ ನದಿಗಳು ಉಕ್ಕಿ ಊರನ್ನು ಸುತ್ತುವರಿದಾಗ, ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಅದು ನೀರಿನ ನಡುವೆ ದ್ವೀಪದಂತೆ ಕಂಡಿತು. ಪ್ರವಾಸಿಗಳು ಗೋರಿಗಳನ್ನು ನೋಡುತ್ತ ಅಡ್ಡಾಡುತ್ತಿದ್ದಂತೆಯೇ ಅಲ್ಲಿ ಮದುವೆ, ಜ್ಞಾನಸ್ನಾನ, ಶವಸಂಸ್ಕಾರ ಎಲ್ಲವೂ ನಡೆಯುತ್ತವೆ. ಆ 453 ಪೌಂಡುಗಳಲ್ಲಿ ಸೇರಿದ್ದ ಗೋಪುರದಿಂದ ಗಂಟೆಯೂ ಮೊಳಗುತ್ತದೆ.