ಹವ್ಯಾಸಿ ಬಾನುಲಿಗೆ ಎಷ್ಟು ವ್ಯಾಟ್ ಬೇಕು?



ಲಾಭದ ಆಸೆಯಿಲ್ಲದೆ, ಸರಕಾರದ ಪರವಾನಗಿ ಪಡೆದು, ತನ್ನ ಮನೆಯಿಂದಲೇ ದೂರದ ಇನ್ನೊಬ್ಬ ಹವ್ಯಾಸಿಯೊಡನೆ ರೇಡಿಯೋ ಮೂಲಕ ಸಂಭಾಷಿಸುವುದು ಹವ್ಯಾಸಿ ಬಾನುಲಿ. ಈ ವಿದ್ಯೆಗೆ ಕೈಹಾಕಬಯಸುವ ತರುಣರು ಮೊದಲು ಕೇಳುವ ಪ್ರಶ್ನೆ, ಪ್ರೇಷಕ ಯಂತ್ರದ ಶಕ್ತಿ ಎಷ್ಟಿರಬೇಕು ಎಂಬುದು. ನೂರಾರು ವ್ಯಾಟ್ ಇಲ್ಲದಿದ್ದರೆ ನಮ್ಮ ದನಿ ಯಾರಿಗೆ ಮುಟ್ಟೀತು ಎಂದು ಹಿಂಜರಿದು, ಈ ಕಡೆಗೆ ತಲೆಹಾಕದವರೂ ಉಂಟು. ಈ ಭಯಕ್ಕೆ ಆಧಾರವುಂಟೆ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದಕ್ಕೊಂದು ನಿದರ್ಶನವಿದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದರ ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್. ಮುಂದೆ ಅದು 250 ವ್ಯಾಟಿಗೆ ಏರಿತು. ಪ್ರಸಾರ ಕೇಂದ್ರಕ್ಕೆ ಶಕ್ತಿ ಹೆಚ್ಚಬೇಕಾದುದು ಸಹಜ. ಅದರ ಕೇಳುಗನಲ್ಲಿರುವುದು ಅಗ್ಗದ ಗ್ರಾಹಕ, ಗಿಡ್ಡ ತಂತಿ. ಹವ್ಯಾಸಿಯ ಮಾತು ಬೇರೆ. ಅವನನ್ನು ಕೇಳುವವನೂ ಅವನಂತೆಯೇ ಒಳ್ಳೆಯ ಗ್ರಾಹಕವನ್ನೂ ಏರಿಯಲ್ಲನ್ನೂ ಇಟ್ಟುಕೊಂಡು, ಕಿವಿಗೊಟ್ಟು ಕುಳಿತವನು.

ಇನ್ನು ಲೆಕ್ಕಕ್ಕೆ ಬರೋಣ. ಗ್ರಾಹಕ ಯಂತ್ರದಲ್ಲಿ ಸಂಕೇತದ ಬಲವನ್ನು ತೋರಿಸುವ ಮಾಪಕವೊಂದಿರುತ್ತದೆ. ಅದರ ಮುಳ್ಳು ಒಂದು ಅಂಕ ಮೇಲೇರಬೇಕಾದರೆ, ಪ್ರೇಷಕದ ಶಕ್ತಿ ನಾಲ್ಕು ಮಡಿಯಾಗಬೇಕು. 100 ವ್ಯಾಟಿನವನು ವಿಶೇಷ ವೆಚ್ಚಮಾಡಿ 400 ವ್ಯಾಟಿಗೆ ಏರಿದರೆ ಅವನಿಗೆ ದೊರೆಯುವ ಲಾಭ ಒಂದೇ ಅಂಕ. 5 ವ್ಯಾಟಿಗೂ 100 ವ್ಯಾಟಿಗೂ ನಡುವೆ ಇರುವ ಅಂತರವಾದರೂ ಎರಡು ಅಂಕಕ್ಕೆ ತುಸು ಹೆಚ್ಚು, ಅಷ್ಟೆ.

ಕಲಬುರಗಿಯನ್ನೂ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನೂ ತೆಗೆದುಕೊಳ್ಳೋಣ. ನೇರವಾಗಿ ಅಳೆದರೆ ಇವೆರಡರ ಅಂತರ 30 ಕಿಲೋಮೀಟರಿಗೆ ತುಸು ಹೆಚ್ಚು. ಎರಡು ಮೀಟರ್ ಉದ್ದದ ತರಂಗಗಳು ಬಹುಮಟ್ಟಿಗೆ ಬೆಳಕಿನಂತೆ ನೇರ ಹಾದಿಯವು. ಭೂಮಿಯ ಉಬ್ಬು ಅವುಗಳಿಗೆ ಅಡ್ಡಿ. ಸಮತಟ್ಟಾದ ನೆಲದಲ್ಲಿ ಇಬ್ಬರು ಕೈಯಲ್ಲಿ ಯಂತ್ರ ಹಿಡಿದು ನಿಂತರೆ, ಈ ನೇರ ಹಾದಿ ಸುಮಾರು 10 ಕಿಲೋಮೀಟರಿಗೆ ಮುಗಿಯುತ್ತದೆ. ಎರಡೂ ಊರುಗಳಲ್ಲಿ ಏರಿಯಲ್ಲನ್ನು 15 ಮೀಟರ್ ಎತ್ತರಕ್ಕೆ ಏರಿಸಿದರೆ ಅದು 32 ಕಿಲೋಮೀಟರ್ ಆಗುತ್ತದೆ; 20 ಮೀಟರಿಗೆ ಏರಿಸಿದರೆ ಸುಮಾರು 37. ಹಾದಿ ಹೀಗೆ ತೆರೆದ ಮೇಲೆ 5 ವ್ಯಾಟ್ ಧಾರಾಳವಾಗಿ ಸಾಕು. ನಡುವೆ ದಿಣ್ಣೆ ಇದ್ದರೆ ಕಂಬವನ್ನು ಇನ್ನಷ್ಟು ಎತ್ತರಿಸಬೇಕು. ಹಾದಿ ಮುಚ್ಚಿದ್ದಾಗ 50 ವ್ಯಾಟ್ ಹಾಕಿದರೂ ಮಾತು ಮುಟ್ಟುವ ಭರವಸೆಯಿಲ್ಲ.

ದೂರದ ಬೆಂಗಳೂರಿನೊಡನೆ ಮಾತನಾಡಬೇಕಾದರೆ ಹ್ರಸ್ವ ತರಂಗಗಳು ಬೇಕು. ಇವು ಮೇಲಿನ ವಿದ್ಯುದಾವಿಷ್ಟ ವಾಯುಸ್ತರದಿಂದ ಮರಳಿ ನೆಲಕ್ಕಿಳಿಯುತ್ತವೆ. 7 ಮೆಗಾಸೈಕಲ್ಲಿಗೆ ಬೇಕಾದ ಏರಿಯಲ್ ಸುಮಾರು 20 ಮೀಟರ್ ತಾಮ್ರದ ತಂತಿ. ಅದರ ಬೆಲೆ ಅಲ್ಪ. ಮಾತಿಗೆ ಬದಲು ಮೋರ್ಸ್ ಸಂಕೇತವನ್ನು ಬಳಸಿದರೆ, ಶಕ್ತಿಯೆಲ್ಲ ಕಿರಿದಾದ ಪಟ್ಟಿಯಲ್ಲಿ ಒಟ್ಟುಗೂಡಿ ಅದೇ ವ್ಯಾಟ್ ಇನ್ನೂ ದೂರ ಸಾಗುತ್ತದೆ. 1977ರಲ್ಲಿ ಹಾರಿದ ವಾಯೇಜರ್ ನೌಕೆಯ ಪ್ರೇಷಕಕ್ಕೆ ಇರುವುದು 20ಕ್ಕೆ ತುಸು ಹೆಚ್ಚು ವ್ಯಾಟ್. 2400 ಕೋಟಿ ಕಿಲೋಮೀಟರಿನ ಆಚೆಯಿಂದ ಅದರ ದನಿ ನಮಗೆ ಕೇಳಿಸುವುದು, ಇಲ್ಲಿ ಅದಕ್ಕಾಗಿ ಕಾದಿರುವ ಹಿರಿಯ ಏರಿಯಲ್ಲುಗಳ ಬಲದಿಂದ.

ಹಾಗೆಂದು ಹೆಚ್ಚಿನ ಶಕ್ತಿಗೆ ಎಡೆಯೇ ಇಲ್ಲವೆನ್ನಲಾಗದು. ಬೇಸಿಗೆಯ ಗುಡುಗು ಮಿಂಚಿನ ಕರಕರ ಶಬ್ದದ ನಡುವೆ, ವಿದ್ಯುದುಪಕರಣಗಳ ಗದ್ದಲ ತುಂಬಿದ ಪಟ್ಟಣದಲ್ಲಿ, ನೂರು ವ್ಯಾಟ್ ಕೆಲಸಕ್ಕೆ ಬರುತ್ತದೆ. ಆದರೆ ಅದು ಏರಿಯಲ್ ಸರಿಪಡಿಸಿದ ಮೇಲಿನ ಮಾತು.

ಸಣ್ಣ ಶಕ್ತಿಯ ನಿಜವಾದ ಹಿರಿಮೆ ಆಪತ್ಕಾಲದಲ್ಲಿ ತಿಳಿಯುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ ಜಿಲ್ಲೆಯ ಹಲವು ಗ್ರಾಮಗಳು ಜಲಾವೃತವಾದವು. ಅಂಥ ವೇಳೆಯಲ್ಲಿ ವಿದ್ಯುತ್ತು ನಿಂತಿತೆಂದರೆ, ಹವ್ಯಾಸಿಗೆ ಉಳಿಯುವುದು ಒಂದು ಬ್ಯಾಟರಿ. 12 ವೋಲ್ಟಿನ, 7 ಆಂಪೇರ್-ಗಂಟೆಯ ಸಣ್ಣ ಬ್ಯಾಟರಿಯಿಂದ, 20 ಆಂಪೇರ್ ಎಳೆಯುವ 100 ವ್ಯಾಟಿನ ಯಂತ್ರ ಲೆಕ್ಕದಂತೆ ಮಾತನಾಡಬಲ್ಲುದು ಬರಿಯ 21 ನಿಮಿಷ. ಒಂದೂವರೆ ಆಂಪೇರ್ ಸಾಕಾದ 5 ವ್ಯಾಟಿನ ಯಂತ್ರ ನಾಲ್ಕು ಗಂಟೆಗೂ ಮೀರಿ ಮಾತನಾಡಬಲ್ಲುದು. ದೋಣಿ ಬೇಕು, ಔಷಧಿ ಬೇಕು ಎಂಬ ವಾರ್ತೆಯನ್ನು ಮುಟ್ಟಿಸುವಲ್ಲಿ, ಗಟ್ಟಿಯಾಗಿ ಕೂಗಿ ಬೇಗ ದಣಿಯುವವನಿಗಿಂತ, ಮೆಲುದನಿಯಲ್ಲಾದರೂ ಬೆಳಗಿನವರೆಗೆ ಮಾತನಾಡಬಲ್ಲವನೇ ಬೇಕಾದವನು.

ಮತ್ತೊಂದು ಮಾತು. ಆಕಾಶ ಎಲ್ಲರ ಸೊತ್ತು. ಕೆಲಸಕ್ಕೆ ಬೇಕಾದಷ್ಟೇ ಶಕ್ತಿಯನ್ನು ಬಳಸಬೇಕೆಂಬುದು ಅಂತರರಾಷ್ಟ್ರೀಯ ಬಾನುಲಿ ನಿಯಮವೂ ಹೌದು. ಒಬ್ಬನ ಅನಾವಶ್ಯಕ ಅಬ್ಬರ ನೂರಾರು ಮಂದಿಯ ಸಂಭಾಷಣೆಗೆ ಭಂಗ ತರಬಹುದು.

ಆದುದರಿಂದ ಪರವಾನಗಿಯ ಪರೀಕ್ಷೆಗೆ ಓದುತ್ತಿರುವ ತರುಣರಿಗೆ ನಮ್ಮ ಸಲಹೆ ಇಷ್ಟೆ: ಮೊದಲು ಕೇಳುವುದನ್ನು ಕಲಿಯಿರಿ, ಬಳಿಕ ತಂತಿಯನ್ನು ಎತ್ತರಕ್ಕೆ ಕಟ್ಟಿರಿ, 5 ಅಥವಾ 10 ವ್ಯಾಟಿನಿಂದ ಆರಂಭಿಸಿರಿ. ಅದು ಸಾಲದೆಂದು ಕಂಡ ಮೇಲೆ ಹೆಚ್ಚಿನದನ್ನು ಕುರಿತು ಯೋಚಿಸಬಹುದು. ಶಕ್ತಿಗಿಂತ ಯುಕ್ತಿ ಮೇಲೆಂಬ ನಮ್ಮ ಹಿರಿಯರ ಗಾದೆ ಬಾನುಲಿಗೂ ಸಲ್ಲುತ್ತದೆ.