ಕುತಂತ್ರಾಂಶ: ವೈರಸ್ಸಿನಿಂದ ಪೆಗಾಸಸ್‌ವರೆಗೆ

(ಸನ್ನಿವೇಲ್‌ನಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಂಪ್ಯೂಟರಿಗೆ ಯಾವ ಕಾಯಿಲೆ ಬಂದರೂ ಅದನ್ನು ವೈರಸ್ ಎನ್ನುವುದು ರೂಢಿ. ತಜ್ಞರು ಇಷ್ಟು ಉದಾರಿಗಳಲ್ಲ. ಮತ್ತೊಂದು ಕಡತಕ್ಕೆ ಅಂಟಿಕೊಂಡು, ಅದನ್ನು ಯಾರಾದರೂ ತೆರೆದಾಗ ತನ್ನ ಪ್ರತಿಗಳನ್ನು ಹುಟ್ಟಿಸುವುದು ವೈರಸ್. ಯಾರ ಕೈಯೂ ತಾಗದೆ ಜಾಲದಲ್ಲಿ ತಾನೇ ಹರಿಯುವುದು ವರ್ಮ್. ಉಪಕಾರಿಯ ವೇಷದಲ್ಲಿ ಒಳಸೇರುವುದು ಟ್ರೋಜನ್. 1988ರ ನವೆಂಬರ್ 2ರಂದು ಕಾರ್ನೆಲ್ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹರಿಯಬಿಟ್ಟ ವರ್ಮ್ ಬರ್ಕ್ಲಿ, ಸ್ಟ್ಯಾನ್‌ಫರ್ಡ್‌ಗಳನ್ನೂ ಸನ್ನಿವೇಲ್‌ನ ಮಗ್ಗುಲಲ್ಲೇ ಇರುವ ನಾಸಾ ಏಮ್ಸ್ ಕೇಂದ್ರವನ್ನೂ ಹೊಕ್ಕಿತ್ತು. ಗುಟ್ಟು ಕದಿಯುವುದು ಅದರ ಉದ್ದೇಶವಾಗಿರಲಿಲ್ಲ. ಯಂತ್ರಗಳನ್ನು ಸುಸ್ತು ಮಾಡಿತು, ಅಷ್ಟೇ.

ಪೆಗಾಸಸ್ ಬೇರೆಯೇ ಜಾತಿಯದು. ಇಸ್ರೇಲಿನ ಎನ್‌ಎಸ್‌ಒ ಗ್ರೂಪ್ ತಯಾರಿಸಿದ ಈ ಗೂಢಚಾರ ತಂತ್ರಾಂಶ ಕಂಡಕಂಡಲ್ಲಿ ಹರಡುವುದಿಲ್ಲ, ಆಯ್ದವರ ಫೋನನ್ನಷ್ಟೇ ಹೊಗುತ್ತದೆ. 2019ರಲ್ಲಿ ಅದು ವಾಟ್ಸಾಪ್ ಕರೆಯ ದೋಷವೊಂದನ್ನು ಬಳಸಿಕೊಂಡಿತು. ಕರೆ ಬಂದರೆ ಸಾಕಿತ್ತು, ಎತ್ತಬೇಕಾಗಿಯೂ ಇರಲಿಲ್ಲ. 'ಗೊತ್ತಿಲ್ಲದ ಲಿಂಕ್ ಒತ್ತಬೇಡಿ' ಎಂದು ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಹೇಳುವ ಬುದ್ಧಿಮಾತು ಇಲ್ಲಿ ಕೆಲಸಕ್ಕೆ ಬಾರದು. ಸಂದೇಶಗಳ ಗೂಢಲಿಪೀಕರಣವೂ ಅಷ್ಟೇ. ಲಿಪಿ ಬಿಡಿಸಿಕೊಂಡು ಪರದೆಗೆ ಬಂದ ಮೇಲೆ ಇದು ಓದುತ್ತದೆ.

ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ? 2019ರ ಜುಲೈನಲ್ಲಿ ಜೆಡಿಎಸ್–ಕಾಂಗ್ರೆಸ್ ಸರಕಾರ ಉರುಳಿತು. ಎರಡು ವರ್ಷಗಳ ನಂತರ 'ದಿ ವೈರ್' ಪ್ರಕಟಿಸಿದ ವರದಿಯ ಪ್ರಕಾರ, ಅದೇ ದಿನಗಳಲ್ಲಿ ಸಂಭಾವ್ಯ ಗುರಿಗಳ ಪಟ್ಟಿಗೆ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಸಂಖ್ಯೆಯೂ ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಸೇರಿದ್ದವು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿಗೆ ಸೋಂಕು ತಗುಲಿತ್ತು ಎನ್ನಲಾಗದು. ಫೋನನ್ನೇ ಪರೀಕ್ಷಿಸದೆ ಅದು ತಿಳಿಯದು. ಆದರೂ ಆ ಪತನವನ್ನು ಬರೀ ರೆಸಾರ್ಟ್ ರಾಜಕಾರಣದ ತಮಾಷೆಯೆಂದು ಓದಿದವರು ಈ ಸಂಖ್ಯೆಗಳನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೊಮ್ಮೆ ಓದಬೇಕು.

ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ಸಮಿತಿ ನೇಮಿಸಿತು. 2022ರ ಆಗಸ್ಟ್‌ನಲ್ಲಿ ಹೊರಬಿದ್ದದ್ದು ಇಷ್ಟು: ಪರೀಕ್ಷಿಸಿದ 29 ಫೋನುಗಳ ಪೈಕಿ 5ರಲ್ಲಿ ಯಾವುದೋ ಕುತಂತ್ರಾಂಶವಿತ್ತು, ಅದು ಪೆಗಾಸಸ್ಸೇ ಎನ್ನಲು ನಿರ್ಣಾಯಕ ಸಾಕ್ಷ್ಯವಿಲ್ಲ, ಕೇಂದ್ರ ಸರಕಾರ ಸಹಕರಿಸಲಿಲ್ಲ.

ಅಷ್ಟಿಷ್ಟು ಬೆಳಕು ಬಿದ್ದದ್ದು ಇಲ್ಲಿಯೇ, ಕೊಲ್ಲಿಯ ಆಚೆ ದಡದ ಓಕ್ಲೆಂಡ್‌ನ ಫೆಡರಲ್ ನ್ಯಾಯಾಲಯದಲ್ಲಿ. ವಾಟ್ಸಾಪ್ ಹೂಡಿದ ದಾವೆಯಲ್ಲಿ 1,223 ಗುರಿಗಳ ದೇಶವಾರು ಪಟ್ಟಿ ದಾಖಲಾಗಿತ್ತು. ಅದರಲ್ಲಿ ಭಾರತದವು 100. 2025ರ ಮೇ ತಿಂಗಳಲ್ಲಿ ಜ್ಯೂರಿ ಎನ್‌ಎಸ್‌ಒ ಮೇಲೆ ಸುಮಾರು 16.8 ಕೋಟಿ ಡಾಲರ್ ವಿಧಿಸಿತು. ಅಕ್ಟೋಬರ್‌ನಲ್ಲಿ ನ್ಯಾಯಾಧೀಶೆ ಅದನ್ನು ಸುಮಾರು 40 ಲಕ್ಷಕ್ಕೆ ಇಳಿಸಿ, ವಾಟ್ಸಾಪ್ ಬಳಕೆದಾರರನ್ನು ಮತ್ತೆ ಗುರಿಯಾಗಿಸದಂತೆ ತಡೆಯಾಜ್ಞೆ ನೀಡಿದರು. ಹಣ ಸಲ್ಲಬೇಕಾದದ್ದು ದಾವೆ ಹೂಡಿದ ಕಂಪನಿಗೆ. ಫೋನುಗಳ ಒಡೆಯರಾದ ಪತ್ರಕರ್ತರು, ವಕೀಲರು, ಹೋರಾಟಗಾರರು ಆ ಮೊಕದ್ದಮೆಯಲ್ಲಿ ಕಕ್ಷಿದಾರರೇ ಆಗಿರಲಿಲ್ಲ.